ದೋಣಿಗೆ 'ಅಡ್ಜಸ್ಟ್' ಗೊತ್ತಿಲ್ಲ

ಕನ್ನಡನಾಡಿನ ಮದುವೆಗಳನ್ನು ಸಾಂಗವಾಗಿ ದಡ ಮುಟ್ಟಿಸುವುದು 'ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ' ಎಂಬ ಒಂದು ಮಾತು. 500 ಮಂದಿಗೆಂದು ಮಾಡಿಸಿದ ಅಡುಗೆಗೆ 700 ಮಂದಿ ಬಂದರೆ ಸಾರಿಗೆ ಎರಡು ಕೊಡ ನೀರು ಬೀಳುತ್ತದೆ. ಕುರ್ಚಿ ಸಾಲದಿದ್ದರೆ ಮಕ್ಕಳು ದೊಡ್ಡವರ ತೊಡೆಯೇರುತ್ತವೆ. ದಿಬ್ಬಣದ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಒತ್ತಿ ಕುಳಿತು, ಐದನೆಯವರು ಬಾಗಿಲ ಬಳಿ ನಿಂತು, ಎಲ್ಲರೂ ನಗುನಗುತ್ತಲೇ ಛತ್ರ ತಲಪುತ್ತಾರೆ. ಒತ್ತಿ ಕೂರಿಸಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕರೆಯದೆ ಬಿಟ್ಟರೆ ಮಾತ್ರ ಆ ಮುನಿಸು ಮೂರು ತಲೆಮಾರು ಉಳಿಯುತ್ತದೆ.

ಇಂಥ ಮದುವೆಯನ್ನು ನೆಲದ ಮೇಲಿಂದ ಎತ್ತಿ ನೀರಿಗಿಳಿಸಿದರೆ ಏನಾದೀತು? ಕುಂದಾಪುರದ ಕಡೆಯ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರ ಮನೆಯಲ್ಲಿ ಈ ಪ್ರಶ್ನೆ ಎದ್ದು ಎರಡು ತಿಂಗಳು ಅಡುಗೆಮನೆಯಿಂದ ಜಗಲಿಯವರೆಗೆ ಓಡಾಡಿತು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಗೆಳತಿಯ ಮದುವೆಗೆಂದು ಕೇರಳದ ಆಲಪ್ಪುಳಕ್ಕೆ ಹೋಗಿ ಬಂದವಳು ಅಲ್ಲಿನ ಹೌಸ್‌ಬೋಟು, ಹೂವಿನ ತೋರಣ, ನೀರಿನಲ್ಲಿ ಮೂಡಿದ ದೀಪಗಳ ನೆರಳು, ಎಲ್ಲವನ್ನೂ ಫೋಟೋಗಳಲ್ಲಿ ತುಂಬಿಕೊಂಡು ತಂದಿದ್ದಳು. "ಅಪ್ಪಯ್ಯ, ಛತ್ರ ಬೇಡ. ನನ್ನ ಮದುವೆ ದೋಣಿಯಲ್ಲೇ ಆಗಬೇಕು" ಎಂದಳು. ಹುಡುಗನ ಮನೆಯವರೂ ಒಪ್ಪಿದ್ದಾರಂತೆ. ತಾಯಿಯ ಮೊದಲ ಪ್ರಶ್ನೆ, "ಬಾಳೆಲೆ ಎಲ್ಲಿ ಹಾಕುವುದು?" ಮೇಷ್ಟ್ರು ಏನೂ ಹೇಳದೆ ಕನ್ನಡಕ ಒರೆಸಿಕೊಂಡರು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಎಂಬತ್ತೈದರ ಅಜ್ಜಿ ಮಾತ್ರ ಕತ್ತೆತ್ತಿ ನೋಡಿ, "ನಾವ್ ದೋಣಿ ಹತ್ತಿದ್ದ್ ಹೊಳಿ ದಾಟುಕೆ ಮಗಾ, ಗಮ್ಮತ್ತ್ ಮಾಡುಕಲ್ಲ" ಎಂದರು.

ಅಜ್ಜಿಯ ಮಾತಿಗೆ ಆಧಾರವಿದೆ. ಸೌಪರ್ಣಿಕಾ, ವಾರಾಹಿ, ಕೇದಕ, ಚಕ್ರ, ಕುಬ್ಜಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಸೀಮೆ ಅದು. ಕುಂದಾಪುರದ ದಡದಲ್ಲಿ ನಿಂತರೆ ಎದುರಿಗೇ ಗಂಗೊಳ್ಳಿ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ಊರೆಲ್ಲ ಸುತ್ತಿ ಬರಬೇಕು. ಸೇತುವೆಗಳಾಗುವ ಮೊದಲು ದೋಣಿಯಿಲ್ಲದೆ ದಿಬ್ಬಣವೇ ಇರಲಿಲ್ಲ. ಅಜ್ಜಿ ಮದುಮಗಳಾಗಿ ಹೊಳೆ ದಾಟಿದ್ದೂ ಹಾಗೆಯೇ. ಅಂದು ದೋಣಿಯಲ್ಲಿ ಮಾತು ನಡೆಯುತ್ತಿದ್ದದ್ದು ಹೆಣ್ಣಿನ ತಂದೆಯದೂ ಅಲ್ಲ, ಗಂಡಿನ ಸೋದರಮಾವನದೂ ಅಲ್ಲ, ಜಲ್ಲೆ ಹಿಡಿದ ದೋಣಿಯವನದು. 'ಇಷ್ಟು ಸಾಕು, ಉಳಿದವರು ಮುಂದಿನ ದೋಣಿಗೆ' ಎಂದರೆ ಊರ ಪಟೇಲರೂ ದಡದಲ್ಲಿ ಕಾಯಬೇಕು. ಓಲಗದವರೂ ನಡುನೀರಿನಲ್ಲಿ ತೆಪ್ಪಗೆ ಕುಳಿತಿರಬೇಕು. ಮದುಮಗ ಎದ್ದು ನಿಂತದ್ದಕ್ಕೆ ಅವನಿಗೂ ಬೈಗುಳ ಬಿದ್ದಿತ್ತಂತೆ. ಗಂಡನಿಗೆ ಬೇರೊಬ್ಬರು ಬೈದದ್ದನ್ನು ಅಜ್ಜಿ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಮಗಳು ಬಿಡಲಿಲ್ಲ. ಲೆಕ್ಕ ಆಲಪ್ಪುಳದಿಂದಲೇ ಆರಂಭವಾಯಿತು. ಅಲ್ಲಿನ ಹೌಸ್‌ಬೋಟುಗಳು ಮೂಲತಃ 'ಕೆಟ್ಟುವಳ್ಳಂ', ಎಂದರೆ ಕಟ್ಟಿದ ದೋಣಿಗಳು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುತ್ತಿದ್ದ ಇವು ಹಿಂದೆ ಕುಟ್ಟನಾಡಿನ ಅಕ್ಕಿ ಸಾಗಿಸುತ್ತಿದ್ದವು. ಲಾರಿಗಳು ಬಂದ ಮೇಲೆ ಕೆಲಸ ಕಳೆದುಕೊಂಡ ದೋಣಿಗಳಿಗೆ 1990ರ ದಶಕದಲ್ಲಿ ಕೋಣೆ, ಹಾಸಿಗೆ, ಅಡುಗೆಮನೆ ಬಂದು ಹೊಸ ಬಾಳು ಸಿಕ್ಕಿತು. ಆದರೆ ಸಂಜೆ ಐದೂವರೆಯ ಹೊತ್ತಿಗೆ ಅವು ದಡ ಸೇರಿ ಲಂಗರು ಹಾಕಬೇಕು. ರಾತ್ರಿ ಆ ನೀರು ಬಲೆ ಬಿಡುವ ಬೆಸ್ತರದು. "ಹಾಗಾದರೆ ನಿನ್ನ ರಾತ್ರಿಯ ರಿಸೆಪ್ಷನ್ ಕಟ್ಟಿಹಾಕಿದ ದೋಣಿಯಲ್ಲಿ. ಅದಕ್ಕೆ ಛತ್ರವೇ ಸಾಲದೇ? ಛತ್ರವನ್ನೂ ಅಲ್ಲಾಡದಂತೆ ಕಟ್ಟಿಯೇ ಇರುತ್ತಾರೆ" ಎಂದರು ಮೇಷ್ಟ್ರು. ಮಗಳು ನಗಲಿಲ್ಲ. ಉಡುಪಿ ಬಳಿಯ ಸ್ವರ್ಣಾ ನದಿಯಲ್ಲೂ ಈಗ ಹೌಸ್‌ಬೋಟುಗಳಿವೆ, ಅಷ್ಟು ದೂರ ಹೋಗುವುದೇ ಬೇಡ ಎಂದಳು.

ಎರಡನೆಯ ತಕರಾರು ಪುರೋಹಿತರದು. ದೋಣಿಯ ಚಾವಣಿ ಬಿದಿರು ಚಾಪೆಯದು. ಕೆಳಗೆ ಡೀಸೆಲ್ ಟ್ಯಾಂಕು, ಹಿಂದೆ ಗ್ಯಾಸ್ ಸಿಲಿಂಡರು. ನಡುವೆ ತುಪ್ಪ ಸುರಿದು ಹೋಮ ಮಾಡುವುದು ಹೇಗೆ? "ಮದುವೆಗೆ ಅಗ್ನಿಸಾಕ್ಷಿ ಬೇಕು, ದೋಣಿಗೆ ಅಗ್ನಿಯೇ ಬೇಡ. ಯಾರ ಮಾತು ನಡೆಸಲಿ?" ಎಂದು ಅವರು ಕೈಚೆಲ್ಲಿದರು. ಇನ್ನು ಮುಹೂರ್ತ. ಸಮುದ್ರಕ್ಕೆ ಹತ್ತಿರದ ನದಿಗೆ ತನ್ನದೇ ಪಂಚಾಂಗವಿದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಶುಭಲಗ್ನದಲ್ಲಿ ಹೊರಟ ದೋಣಿ ಇಳಿತಕ್ಕೆ ಸಿಕ್ಕಿ ಮರಳುದಿಬ್ಬದ ಮೇಲೆ ಕುಳಿತರೆ, ಮತ್ತೆ ನೀರು ಏರುವತನಕ ವಧೂವರರು ದಡ ನೋಡುತ್ತ ಕೂರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು ಹೆಚ್ಚು, ಸಂಜೆಯ ಗುಡುಗುಮಳೆ, ಬಿರುಗಾಳಿಗಳೂ ಹೆಚ್ಚು. ಜೂನ್ ಬಂತೆಂದರೆ ಹೊಳೆಯ ಮಾತೇ ಇಲ್ಲ.

ಇಷ್ಟಕ್ಕೂ ಮಗಳ ಹತ್ತಿರ ಉತ್ತರವಿತ್ತು. ಹೋಮ, ಸಪ್ತಪದಿ ದಡದಲ್ಲಾಗಲಿ, ಊಟವೂ ಅಲ್ಲೇ ಆಗಲಿ, ಆಮೇಲೆ ಎಲ್ಲರೂ ದೋಣಿ ಹತ್ತಿದರಾಯಿತು. "ಎಲ್ಲರೂ ಎಂದರೆ?" "ಒಂದು ಎಂಬತ್ತು ಜನ." ದೋಣಿಯ ಪರವಾನಗಿ ಇದ್ದದ್ದು 30 ಮಂದಿಗೆ. "ಅಷ್ಟು ದೊಡ್ಡ ದೋಣಿ ಅಪ್ಪಯ್ಯ. ಐವತ್ತು ಮಂದಿ ಹೆಚ್ಚಿಗೆ ಹತ್ತಿದರೆ ಮುಳುಗಿಯೇ ಹೋಗುತ್ತದಾ? ಸ್ವಲ್ಪ ಅಡ್ಜಸ್ಟ್ ಮಾಡಿದರಾಯಿತು."

ಮೇಷ್ಟ್ರು ವಿಜ್ಞಾನ ಪಾಠ ಮಾಡಿದವರು. ಲಗ್ನಪತ್ರಿಕೆಯ ಮಾದರಿಯೊಂದರ ಬೆನ್ನ ಮೇಲೆ ಲೆಕ್ಕ ಹಾಕತೊಡಗಿದರು. ಒಬ್ಬರ ತೂಕ 60 ಕಿಲೋ ಎಂದರೆ 50 ಮಂದಿಗೆ 3,000 ಕಿಲೋ. ಆರ್ಕಿಮಿಡೀಸನ ತತ್ವದಂತೆ ದೋಣಿ ಅಷ್ಟೇ ತೂಕದ ನೀರನ್ನು, ಎಂದರೆ 3 ಘನಮೀಟರ್ ನೀರನ್ನು, ಪಕ್ಕಕ್ಕೆ ಸರಿಸಬೇಕು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತಾರ 50 ಚದರ ಮೀಟರ್ ಇದ್ದರೆ ಅದು ಕೆಳಗಿಳಿಯುವುದು ಬರೀ 6 ಸೆಂಟಿಮೀಟರ್. "ನೋಡಿ, ನಾಲ್ಕು ಬೆರಳೂ ಇಲ್ಲ!" ಎಂದು ಮಗಳು ಚಪ್ಪಾಳೆ ತಟ್ಟಿದಳು.

"ಪಾಠ ಇನ್ನೂ ಮುಗಿದಿಲ್ಲ" ಎಂದು ಮೇಷ್ಟ್ರು ಅವಳನ್ನು ಬಚ್ಚಲಮನೆಗೆ ಕರೆದೊಯ್ದರು. ನೀರು ತುಂಬಿದ ಹಂಡೆಯಲ್ಲಿ ಒಂದು ಸ್ಟೀಲ್ ಬಟ್ಟಲು ತೇಲಿಬಿಟ್ಟು ಅದರ ತಳದಲ್ಲಿ ಹತ್ತು ಅಡಿಕೆ ಹರಡಿದರು. ಬಟ್ಟಲು ಗಂಭೀರವಾಗಿ ತೇಲಿತು. ಅದೇ ಹತ್ತು ಅಡಿಕೆಯನ್ನು ಒಂದು ಉದ್ದನೆಯ ಲೋಟಕ್ಕೆ ತುಂಬಿ, ಲೋಟವನ್ನು ಬಟ್ಟಲಿನಲ್ಲಿ ನಿಲ್ಲಿಸಿ, ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಲೋಟ ವಾಲಿತು, ಬಟ್ಟಲು ಮಗುಚಿತು, ಅಡಿಕೆ ನೀರುಪಾಲಾಯಿತು. ಅಡಿಕೆ ಹೋದದ್ದಕ್ಕೆ ಅಜ್ಜಿಯ ಗೊಣಗಾಟ ಬೇರೆ.

ದೋಣಿ ಎಷ್ಟು ಹೊರುತ್ತದೆ ಎಂಬುದಕ್ಕಿಂತ ಹೊರೆ ಎಷ್ಟು ಎತ್ತರದಲ್ಲಿದೆ, ಯಾವ ಪಕ್ಕದಲ್ಲಿದೆ ಎಂಬುದು ದೊಡ್ಡದು. ಜನ ಕೆಳಗೆ ಕುಳಿತಿದ್ದರೆ ಗುರುತ್ವ ಕೇಂದ್ರ ಕೆಳಗಿರುತ್ತದೆ; ಸ್ವಲ್ಪ ವಾಲಿದರೂ ದೋಣಿ ಮತ್ತೆ ನೆಟ್ಟಗಾಗುತ್ತದೆ. ಅದೇ ಜನ ಮಹಡಿ ಹತ್ತಿ ನಿಂತು, ಒಂದೇ ಪಕ್ಕದ ಕಟಾಂಜನಕ್ಕೆ ಒರಗಿದರೆ ದೋಣಿ ಅತ್ತ ವಾಲುತ್ತದೆ, ತಳದಲ್ಲಿರುವ ನೀರೂ ಅತ್ತಲೇ ಹರಿಯುತ್ತದೆ, ನಿಂತವರೂ ಅತ್ತಲೇ ಜಾರುತ್ತಾರೆ. ನೆಟ್ಟಗಾಗಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಇನ್ನು ಮದುವೆಯಲ್ಲಿ ಜನ ಒಂದೇ ಕಡೆ ನುಗ್ಗುವ ಹೊತ್ತುಗಳನ್ನು ಎಣಿಸಿ: ಮಾಲೆ ಹಾಕುವಾಗ, ಗುಂಪು ಫೋಟೋ ತೆಗೆಯುವಾಗ, ಊಟಕ್ಕೆ ಕರೆದಾಗ. ದೋಣಿ ಮಗುಚುವುದಕ್ಕೆ ಒಂದು ಸಾಕು.

ಇವು ಬಚ್ಚಲಮನೆಯ ಪ್ರಯೋಗಗಳಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗಳ ಮಹಡಿ ದೋಣಿ ಮಗುಚಿ 45 ಜನ ಸತ್ತರು. 2019ರ ಜನವರಿ 21ರಂದು, ಕೂರ್ಮಗಡದ ಜಾತ್ರೆಯ ದಿನ, ಕಾರವಾರದ ಬಳಿ ದೋಣಿ ಮುಳುಗಿ 16 ಜೀವಗಳು ಹೋದವು. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಎಲ್ಲರೂ ಸಂಭ್ರಮಕ್ಕೆಂದೇ ದೋಣಿ ಹತ್ತಿದವರು. ಮೇಷ್ಟ್ರು ಈ ಮೂರು ತಾರೀಕುಗಳನ್ನು ಓದಿ ಹೇಳಿದ ಮೇಲೆ ಮನೆಯಲ್ಲಿ 'ಅಡ್ಜಸ್ಟ್' ಎಂಬ ಶಬ್ದ ಮತ್ತೆ ಕೇಳಲಿಲ್ಲ.

ಆದರೂ ಅವರು ಮಗಳ ಆಸೆಯನ್ನು ಹೊಸಕಲಿಲ್ಲ. ಬೇಡ ಎನ್ನಲು ಒಂದು ಶಬ್ದ ಸಾಕು; ಹೇಗೆ ಎಂದು ಯೋಚಿಸಲು ಒಂದು ವಾರ ಬೇಕಾಯಿತು. ಮದುವೆ ಫೆಬ್ರವರಿಯಲ್ಲಿ, ಊರಿನ ಛತ್ರದಲ್ಲಿ, ಎಲ್ಲ ನೆಂಟರಿಷ್ಟರಿಗೂ ಕರೆ. ದೋಣಿ ಮರುದಿನ ಬೆಳಿಗ್ಗೆ, ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು, ಭರತದ ಹೊತ್ತು ನೋಡಿಕೊಂಡು ಎರಡು ತಾಸು. ಅಡುಗೆ ಇಲ್ಲ, ಡಬ್ಬಿಯಲ್ಲಿ ಇಡ್ಲಿ. ಮುಂಗಡ ಕೊಡುವ ಮೊದಲು ಮೇಷ್ಟ್ರು ತಾವೇ ಹೋಗಿ ದೋಣಿಯ ನೋಂದಣಿ, ತಪಾಸಣೆಯ ಪ್ರಮಾಣಪತ್ರ, ವಿಮೆ ನೋಡಿದರು. 1917ರ ಹಳೆಯ ಕಾಯಿದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯಿದೆ ಇವನ್ನೆಲ್ಲ ಕೇಳುತ್ತದೆ. ಮದುವೆಗೆ ದೋಣಿ ಹಿಡಿಯುವವರು ಸಾಮಾನ್ಯವಾಗಿ ಕೇಳುವುದು ಹೂವಿನ ಅಲಂಕಾರದ ದರ. ಲೈಫ್ ಜಾಕೆಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ಮಕ್ಕಳ ಅಳತೆಯವು ಬೇರೆ ಇವೆಯೇ ಎಂದು ಕೇಳಿದರು. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಫೋಟೋದಲ್ಲಿ ಹೇಗೆ ಕಂಡೀತು ಎಂದು ಮಗಳು ಮುಖ ಸಣ್ಣದು ಮಾಡಿದಾಗ ಅಜ್ಜಿ, "ಆ ಬಣ್ಣದ್ದೇ ಒಂದ್ ಸೀರಿ ತಕೋ" ಎಂದು ತೀರ್ಪು ಕೊಟ್ಟರು.

ಉಳಿದದ್ದು 30 ಹೆಸರುಗಳ ಪಟ್ಟಿ. ಮದುವೆಯ ಇಡೀ ಓಡಾಟದಲ್ಲಿ ಇಷ್ಟು ಕಷ್ಟದ ಕೆಲಸ ಬೇರೆ ಇರಲಿಲ್ಲ. ಎರಡೂ ಕಡೆಯ ಅಜ್ಜಿ, ಅಪ್ಪ, ಅಮ್ಮ, ಸೋದರಮಾವ, ಅತ್ತೆಯರು, ಗೆಳತಿಯರು. ತೊಡೆಯ ಮೇಲಿನ ಮಗುವೂ ಒಂದು ಲೆಕ್ಕ. ಫೋಟೋದವರು ಇಬ್ಬರು, ಕ್ಯಾಮೆರಾ ಹಿಡಿದವರಿಗೂ ತೂಕವಿದೆ. ನಾಲ್ಕು ಸಲ ಬರೆದರೂ ಮೊತ್ತ 31. ಯಾರನ್ನು ಬಿಟ್ಟರೂ ಒಂದು ಮುನಿಸು. ದೋಣಿಯವನನ್ನು ಕೇಳಿದರೆ, "30 ಅಂದ್ರೆ 30 ಸಾರ್. ಮತ್ತೆ ಹತ್ತಿದವರ ಪಟ್ಟಿ ಒಂದು ದಡದಲ್ಲೂ ಇರಬೇಕು, ಅದನ್ನ ಹಿಡ್ಕೊಂಡು ಮನೆಯವರೊಬ್ಬರು ನಿಂತಿದ್ರೆ ಒಳ್ಳೇದು" ಎಂದ.

ಮೇಷ್ಟ್ರು ಕೆಂಪು ಪೆನ್ನು ತೆಗೆದು ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿದರು. ಮಗಳು ಬಗ್ಗಿ ನೋಡಿದಳು. ಅದು ಅವರದೇ ಹೆಸರು. ಅವಳು ಬಾಯಿ ತೆರೆಯುವ ಮೊದಲೇ ಅವರು, "ಹಾಜರಿ ಕರೆಯಲು ಮೇಷ್ಟ್ರಿಗಿಂತ ಬೇರೆ ಯಾರು ಬೇಕು? ಹೋಗುವಾಗ ಒಮ್ಮೆ ಕರೆಯುತ್ತೇನೆ, ಬರುವಾಗ ಒಮ್ಮೆ ಕರೆಯುತ್ತೇನೆ. ಎರಡು ಸಲವೂ 30 ಬರಬೇಕು, ಅಷ್ಟೇ" ಎಂದು ಪೆನ್ನಿಗೆ ಟೋಪಿ ಹಾಕಿದರು.