ಕೈಗೆಟಕುವ ಡಬ್ಬಿ

ಹಳೆಯದಾದಷ್ಟೂ ಬೆಲೆ ಏರುವ ಪದಾರ್ಥಗಳು ನಮ್ಮ ಕಡೆಯ ಮನೆಗಳಲ್ಲಿ ಮೊದಲಿನಿಂದಲೂ ಉಂಟು. ಅಕ್ಕಿ ಹಳೆಯದಾದರೆ ಅನ್ನ ಉದುರುದುರಾಗುತ್ತದೆ. ಹುಣಸೆಹಣ್ಣು ವರ್ಷ ಕಳೆದು ಕಪ್ಪಾದರೆ ಸಾರಿಗೆ ಬೇರೆಯೇ ರುಚಿ. ಮೂರು ವರ್ಷದ ನಿಂಬೆಕಾಯಿಯ ಉಪ್ಪಿನಕಾಯಿಯನ್ನು, ಜ್ವರ ಬಿಟ್ಟವರ ಬಾಯಿಗೆ ರುಚಿ ಹತ್ತಿಸಲೆಂದು, ಭರಣಿಯ ತಳದಲ್ಲಿ ಕಾದಿರಿಸುವ ಹಿರಿಯರು ಇನ್ನೂ ಇದ್ದಾರೆ. ಆಯುರ್ವೇದದವರಂತೂ ಹಳೆಯ ತುಪ್ಪಕ್ಕೆ ‘ಪುರಾಣ ಘೃತ’ ಎಂಬ ಭಾರಿ ಹೆಸರು ಕೊಟ್ಟು ಅದನ್ನು ಔಷಧಿಯ ಪದವಿಗೇ ಏರಿಸಿಬಿಟ್ಟಿದ್ದಾರೆ. ಆದರೆ ಚಹಾ? ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂರಿನ ಯಾವ ಗೃಹಿಣಿಯನ್ನು ಬೇಕಾದರೂ ಕೇಳಿ ನೋಡಿ. ಹಳೆಯ ಚಹಾಪುಡಿ ಎಂದರೆ ಆಕೆ ಮೂಗು ಮುರಿಯುತ್ತಾಳೆ.

ಮೂಗು ಮುರಿಯುವುದರಲ್ಲಿ ನ್ಯಾಯವೂ ಇದೆ. ನಾವು ಕುದಿಸುವ ಪುಡಿ ಎಲೆಯ ರೂಪವನ್ನು ಎಂದೋ ಬಿಟ್ಟುಕೊಟ್ಟದ್ದು. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಸಿ.ಟಿ.ಸಿ. ಯಂತ್ರ ಹುಟ್ಟಿತು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳಾಗಿ ಮಾಡುವುದು ಅದರ ಕೆಲಸ. ಕಾಳು ಸಣ್ಣದಾದಷ್ಟೂ ಬಣ್ಣ ಬೇಗ ಬಿಡುತ್ತದೆ, ಒಂದು ಚಮಚೆಯಲ್ಲಿ ನಾಲ್ಕು ಕಪ್ಪು ಕೆಂಪಾಗುತ್ತವೆ. ಗಾಳಿ ತಾಗಿ ಘಮವನ್ನು ಕಳೆದುಕೊಳ್ಳುವುದೂ ಅಷ್ಟೇ ಬೇಗ. ಆರು ತಿಂಗಳು ಡಬ್ಬಿಯಲ್ಲಿ ಮರೆತ ಪುಡಿ ಬಣ್ಣ ಕೊಟ್ಟೀತು, ಮನಸ್ಸು ಕೊಡಲಾರದು.

ಹೀಗಿರುವಾಗ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಒಂದು ಉಡುಗೊರೆ ತಂದ. ಕಾಗದದಲ್ಲಿ ಸುತ್ತಿದ, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದಾದ, ಕಪ್ಪು ಬಿಲ್ಲೆ. ಬಿಚ್ಚಿ ನೋಡಿದ ನನ್ನ ಹೆಂಡತಿ, “ಏನ್ರೀ, ಇದನ್ನ ಕುದಸೂದೋ, ಒಲಿಗೆ ಹಾಕೂದೋ?” ಎಂದಳು. ನಿಜವಾಗಿಯೂ ಅದು ಒಂದು ಚೊಕ್ಕಟವಾದ ಕುಳ್ಳಿನ ಹಾಗೇ ಇತ್ತು. ಚೀನದ ಯುನ್ನಾನ್ ಪ್ರಾಂತದ ಪು-ಅರ್ ಎಂಬ ಚಹಾ ಅದು. ಹೇಸರಗತ್ತೆ, ಕುದುರೆಗಳ ಬೆನ್ನ ಮೇಲೆ ಟಿಬೆಟ್ಟಿನವರೆಗೆ ಸಾಗಿಸಲು ಅನುಕೂಲವಾಗಲೆಂದು ಅಲ್ಲಿಯವರು ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಒತ್ತಿ, ಬಿಲ್ಲೆ ಕಟ್ಟುತ್ತಿದ್ದರು. ಒಂದು ಬಿಲ್ಲೆಗೆ ರೂಢಿಯ ತೂಕ 357 ಗ್ರಾಮು. ಇಂಥ ಏಳನ್ನು ಬಿದಿರಿನ ಸಿಪ್ಪೆಯಲ್ಲಿ ಕಟ್ಟಿದರೆ ಒಂದು ಕಟ್ಟು. ಇದರಲ್ಲಿ ಎರಡು ಬಗೆ. ಒಂದು ಹಸಿಯದು, ತನ್ನ ಪಾಡಿಗೆ ತಾನು ವರ್ಷಗಟ್ಟಲೆ ಕೂತು ಮಾಗುವುದು. ಇನ್ನೊಂದು, ನೀರು ಚಿಮುಕಿಸಿ ರಾಶಿ ಹಾಕಿ ಕಾವು ಬರಿಸಿ, ಆ ಮಾಗುವಿಕೆಯನ್ನು ತಿಂಗಳೆರಡು ತಿಂಗಳಲ್ಲಿ ಮಾಡಿ ಮುಗಿಸಿದ್ದು. ಈ ಎರಡನೆಯ ಉಪಾಯವನ್ನು ಕುನ್‌ಮಿಂಗ್‌ನಲ್ಲಿ 1973ರಲ್ಲಿ ರೂಢಿಗೆ ತಂದರು. ನಮಗೆ ಬಂದದ್ದು ಈ ಜಾತಿಯದು. ಆದರೂ ಅಳಿಯ ಬಿಡಲಿಲ್ಲ. “ಮಾಮಾ, ಈಗ ಕುಡೀಬ್ಯಾಡ್ರಿ. ಇನ್ನೂ 10 ವರ್ಷ ಇಡ್ರಿ. ಇಟ್ಟಷ್ಟು ಛಲೋ ಆಗತೈತಿ” ಎಂದು ಕಟ್ಟಪ್ಪಣೆ ಮಾಡಿ ಹೋದ. ನಾನು ಲೆಕ್ಕ ಹಾಕಿದೆ. ಹತ್ತು ವರ್ಷಕ್ಕೆ ನನಗೆ 76, ಅವ್ವನಿಗೆ 96. ಚಹಾ ಛಲೋ ಆಗುವುದೇನೋ ಸರಿ, ಕುಡಿಯುವವರು?

ಇರಲಿ. ಇಡುವುದಾದರೂ ಎಲ್ಲಿ? ನಮ್ಮ ಪುಡಿಗೆ ಬೇಕಾದದ್ದು ಗಾಳಿಯಾಡದ ಡಬ್ಬಿ. ಈ ಬಿಲ್ಲೆಗೆ ಬೇಕಾದದ್ದು ಸ್ವಲ್ಪ ಉಸಿರಾಟ. ಬಿಸಿಲು ಬೀಳಬಾರದು, ತೀರ ತೇವವಾದರೆ ಬೂಸರು, ತೀರ ಒಣಗಿದರೆ ಮಾಗುವುದೇ ನಿಂತುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮೂರಿನಲ್ಲಿ ಮನುಷ್ಯನೇ ಒಣಗುತ್ತಾನೆ. ಎಲ್ಲಕ್ಕಿಂತ ದೊಡ್ಡ ತೊಡಕು ವಾಸನೆಯದು. ಚಹಾದ ಎಲೆ ಪರವಾಸನೆಯನ್ನು ಹೀರುವುದರಲ್ಲಿ ಬಹಳ ಚುರುಕು. ಚೀನದವರು ಆ ಗುಣವನ್ನೇ ಬಳಸಿಕೊಂಡು, ಎಲೆಯ ನಡುನಡುವೆ ಮಲ್ಲಿಗೆಯ ಮೊಗ್ಗು ಹರಡಿ ಮಲ್ಲಿಗೆ ಚಹಾ ಮಾಡುತ್ತಾರೆ. ನಮ್ಮ ಅಡಿಗೆಮನೆಯಲ್ಲಿ ಮಲ್ಲಿಗೆ ಎಲ್ಲಿಂದ ಬರಬೇಕು? ಒಂದು ಮೂಲೆಯಲ್ಲಿ ಉಳ್ಳಾಗಡ್ಡಿಯ ಚೀಲ, ಇನ್ನೊಂದರಲ್ಲಿ ಗುರೆಳ್ಳು ಚಟ್ನಿ, ಮೇಲೆ ಹಿಂಗಿನ ಡಬ್ಬಿ. ಹತ್ತು ವರ್ಷ ಅಲ್ಲಿಟ್ಟರೆ ಅದು ಚಹಾ ಆಗಿ ಉಳಿಯುವ ಬದಲು ಒಗ್ಗರಣೆಯಾಗುತ್ತಿತ್ತು.

ಪಾತ್ರೆಯ ಪ್ರಶ್ನೆಯನ್ನು ಹೆಂಡತಿಯೇ ಬಿಡಿಸಿದಳು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಬನದ ಹುಣ್ಣಿಮೆಯ ಮರುದಿನ ಕೊಂಡ ಒಂದು ಮಣ್ಣಿನ ಗಡಿಗೆ ಉಪಯೋಗವಿಲ್ಲದೆ ಬಿದ್ದಿತ್ತು. ಆ ಜಾತ್ರೆಗೆ ಹೋದವರು ಬಲ್ಲರು: ದೇವಿಯ ದರ್ಶನ ಒಂದು ಗಳಿಗೆಯ ಕೆಲಸ, ಬಾಗಿಲ ಚೌಕಟ್ಟಿನಿಂದ ಹಿಡಿದು ಚಟ್ನಿಯ ಗುಂಡುಕಲ್ಲಿನವರೆಗೆ ನೋಡುವುದು ಇಡೀ ದಿನದ ಕೆಲಸ. ಹೊಳಪು ಕೊಡದ ಸುಟ್ಟ ಮಣ್ಣು ಸಣ್ಣಗೆ ಉಸಿರಾಡುತ್ತದೆ. ಚೀನದಲ್ಲಿಯೂ ಈ ಚಹಾವನ್ನು ಇಂಥ ಮಣ್ಣಿನ ಜಾಡಿಯಲ್ಲಿಯೇ ಇಡುವ ವಾಡಿಕೆ ಉಂಟಂತೆ ಎಂದು ಅಳಿಯ ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಬಾಯಿಗೆ ಮುಚ್ಚಳದ ಬದಲು ಗುಳೇದಗುಡ್ಡದ ಖಣದ ಒಂದು ತುಂಡನ್ನು ಬಿಗಿದು ದಾರ ಕಟ್ಟಿದಳು. ಕುಪ್ಪಸ ಹೊಲಿದು ಉಳಿದ ತುಂಡು ಅದು, ದಾಳಿಂಬೆ ಬಣ್ಣದ್ದು. ಕೆಂಪು ಗಡಿಗೆಗೆ ಖಣದ ಟೋಪಿ ಬಂದೊಡನೆ ಅದಕ್ಕೊಂದು ಮದುವೆಮನೆಯ ಕಳೆ ಬಂತು. ಅಂಗಡಿಯಲ್ಲಿ ಸಾವಿರ ರೂಪಾಯಿ ಕೇಳುವ ಗಾಜಿನ ಜಾಡಿಗಳನ್ನು ನಾನು ನೋಡಿದ್ದೇನೆ. ಇದಕ್ಕಿಂತ ಚೆಲುವಾದದ್ದು ಕಂಡಿಲ್ಲ. ಬೆಳಕಿಗೆ ಬಾಡುವ ವಸ್ತುವನ್ನು ಗಾಜಿನಲ್ಲಿಟ್ಟು ಕಿಟಕಿಯಲ್ಲಿ ಮೆರೆಯಿಸುವುದು ಯಾವ ಜಾಣತನವೋ ನನಗೆ ತಿಳಿಯದು.

ಗಡಿಗೆ ಸಿದ್ಧವಾಯಿತು. ಅದನ್ನು ಎಷ್ಟು ಎತ್ತರದಲ್ಲಿ ಇಡಬೇಕು ಎಂಬಲ್ಲಿಗೆ ಮಾತು ಬಂದಾಗ, ನಮ್ಮ ಮನೆಯ ಒಂದು ಹಳೆಯ ಚರಿತ್ರೆ ಎದ್ದುನಿಂತಿತು.

ಇಂಗ್ಲೆಂಡಿನಲ್ಲಿ ಚಹಾ ತುಟ್ಟಿಯಾಗಿದ್ದ 18ನೆಯ ಶತಮಾನದಲ್ಲಿ, ಅದನ್ನಿಡುವ ಪುಟ್ಟ ಪೆಟ್ಟಿಗೆಗೆ ಬೀಗ ಇರುತ್ತಿತ್ತು. ಬೀಗದ ಕೈ ಯಜಮಾನಿಯ ಬಳಿ. ಆಳುಗಳು ಕದ್ದಾರೆಂಬ ಭಯ. ಆ ಪೆಟ್ಟಿಗೆಗಳಲ್ಲಿ ಕೆತ್ತನೆಯೇನು, ಆಮೆಚಿಪ್ಪಿನ ಕುಸುರಿಯೇನು! ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಹುನಗುಂದದ ಮನೆಯಲ್ಲಿ ಕೆತ್ತನೆ ಇರಲಿಲ್ಲ, ಬೀಗ ಇತ್ತು.

ನಾನು ಹುಟ್ಟುವ ಮುಂಚಿನ ಮಾತು, 1955. ಆಗ ಹುನಗುಂದವು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಹಗೇವಿನಲ್ಲಿ ಜೋಳಕ್ಕೆ ಕೊರತೆಯಿಲ್ಲದ ಮನೆ. ಆದರೆ ಚಹಾ, ಸಕ್ಕರೆ ಪೇಟೆಯಿಂದ ರೊಕ್ಕ ಕೊಟ್ಟು ತರಬೇಕು. ಆದ್ದರಿಂದ ಆಯಿ, ಎಂದರೆ ಅಪ್ಪನ ತಾಯಿ, ಚಹಾದ ತಗಡಿನ ಡಬ್ಬಿಯನ್ನು ಸಂದೂಕಿನಲ್ಲಿಟ್ಟು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಆಯಿ ಕೆಟ್ಟವಳಲ್ಲ. ಬರಗಾಲ ಕಂಡವಳು, ಎಣಿಸಿ ಕೊಡುವುದೇ ಸಂಸಾರ ಎಂದು ಕಲಿತವಳು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎಂಬ ಗಾದೆ ಅಂಥ ಮನೆಗಳಲ್ಲಿಯೇ ಹುಟ್ಟಿರಬೇಕು.

ಅವ್ವ ಮದುವೆಯಾಗಿ ಬಂದ ಮರುವರ್ಷ, ಇಳಕಲ್ಲಿನಿಂದ ಆಕೆಯ ಅಣ್ಣ ಸೈಕಲ್ಲಿನ ಮೇಲೆ ತಂಗಿಯನ್ನು ನೋಡಲು ಬಂದ. ಉರಿಬಿಸಿಲು. ಆಯಿ ಯಾರದೋ ಮನೆಗೆ ಹೋಗಿದ್ದಳು, ಕೀಲಿಕೈಯೂ ಅವಳ ಸಂಗಡ ಹೋಗಿತ್ತು. ಅವ್ವ ಬೆಲ್ಲ, ನೀರು ತಂದಿಟ್ಟಳು. ಬೆಲ್ಲ ನೀರು ಕೊಡುವುದು ನಮ್ಮಲ್ಲಿ ಅಪಮಾನವಲ್ಲ, ಅದೇ ಮರ್ಯಾದೆ. ಆದರೆ ಆ ಕಾಲಕ್ಕೆ ಚಹಾ ಹೊಸ ಮರ್ಯಾದೆಯಾಗಿ ಹಳ್ಳಿಹಳ್ಳಿಗೆ ಬಂದಿತ್ತು. ಅಣ್ಣನ ಮನೆಯಲ್ಲಿ ದಿನಕ್ಕೆ ಎರಡು ಸಲ ಕುದಿಯುತ್ತಿತ್ತು. ಅಣ್ಣ ನೀರು ಕುಡಿದು, “ನಿಮ್ಮೂರ ನೀರು ಭಾಳ ಸಿಹಿ ಐತಿ ನೋಡವಾ” ಎಂದನಂತೆ. ಹೊರಟು ನಿಂತಾಗ ತಂಗಿಯ ಮುಖ ನೋಡಲಿಲ್ಲವಂತೆ. ಇಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಅವ್ವ ಇದನ್ನು ನನಗೆ ಹೇಳಿದ್ದು ಅಣ್ಣ ತೀರಿಕೊಂಡ ಮೇಲೆ, ಒಂದೇ ಸಲ.

1961ರಲ್ಲಿ ಅಪ್ಪ ಬಾಗಲಕೋಟೆಯ ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು, ಅವ್ವನಿಗೆ ತನ್ನದೇ ಒಲೆ ಸಿಕ್ಕಿತು. ಮಣ್ಣಿನ ಮಾಳಿಗೆಯ ಮನೆ, ಎರಡು ಮೊಳ ದಪ್ಪದ ಗೋಡೆ. ಅಡಿಗೆಮನೆಯ ಬಾಗಿಲಿಗೆ ಅಂಟಿದಂತೆ, ಸೊಂಟದೆತ್ತರಕ್ಕೆ, ಗೋಡೆಯಲ್ಲಿ ಒಂದು ಮಾಡ. ಆ ಮಾಡದಲ್ಲಿ ಚಹಾದ ಡಬ್ಬಿ ಪ್ರತಿಷ್ಠಾಪನೆಯಾಯಿತು. ಅದೊಂದು ಚೌಕಾಕಾರದ ತಗಡಿನ ಡಬ್ಬಿ. ಮೇಲಿನ ಚಿತ್ರ ಕೈತಾಗಿ ತಾಗಿ ಅಳಿಸಿಹೋಗಿತ್ತು, ಮುಚ್ಚಳ ಸರಿಯಾಗಿ ಕೂಡುತ್ತಿರಲಿಲ್ಲ. ಐದು ವರ್ಷದ ನನಗೂ ಎಟಕುತ್ತಿತ್ತು, ಬಾಂಡೆ ತಿಕ್ಕುವ ಬಾಯಿಗೂ ಎಟಕುತ್ತಿತ್ತು. ಅವ್ವ ಮನೆಯಲ್ಲಿಲ್ಲದಾಗ ಆ ಬಾಯಿ ತಾನೇ ಕುದಿಸಿ ಕುಡಿದು, ಬಂದವರಿಗೂ ಕೊಟ್ಟು ಕಳಿಸುತ್ತಿದ್ದಳು. ಘಮವೆಲ್ಲ ಹಾರಿಹೋಗುತ್ತದೆಂದು ಅಪ್ಪ ಒಂದು ಬಿಗಿ ಮುಚ್ಚಳದ ಹಿತ್ತಾಳೆಯ ಡಬ್ಬಿ ತಂದುಕೊಟ್ಟ. ಅವ್ವ ಅದರಲ್ಲಿ ಏಲಕ್ಕಿ ಹಾಕಿಟ್ಟಳು. “ಘಮ ಹೋದ್ರ ಹೋಗ್ಲಿ, ಬಂದ ಮಂದಿ ಹಂಗ ಹೋಗಬಾರದು” ಎಂದಳು.

ಬಾದಾಮಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗಳಲ್ಲಿ ಡಬ್ಬಿಗೆ ಮುಚ್ಚಳವೇ ಇರುವುದಿಲ್ಲ, ಗಮನಿಸಿದ್ದೀರಾ? ಬೆಳಿಗ್ಗೆ ತುಂಬಿದ ಡಬ್ಬಿ ಸಂಜೆಗೆ ಬರಿದು. ಹಳಸಲು ಪುಡಿಗೆ ಪುರುಸೊತ್ತಾದರೂ ಎಲ್ಲಿ? ಅವ್ವನ ಡಬ್ಬಿಯದೂ ಅದೇ ತತ್ತ್ವ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು, ಕುಡಿತ, ತಂಬಾಕು ಮೊದಲಾದ ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಜನರನ್ನು ಬೇಡತೊಡಗಿದ್ದು ಎಲ್ಲರಿಗೂ ತಿಳಿದಿದೆ. ತವರಿಗೆ ಹೋದಾಗ ಯಾರೋ ಅವ್ವನನ್ನು ಕೆಣಕಿದರು: “ನೀ ಚಹಾ ಹಾಕಿಬಿಡವಾ ಜೋಳಿಗ್ಯಾಗ.” ಅವ್ವ ತಡೆಯದೆ ಹೇಳಿದಳು: “ಅದು ನನ್ನ ಚಟಾ ಅಲ್ಲ, ಬಂದವ್ರದು. ಅವರನ್ನ ಕೇಳ್ರಿ.”

ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರು. ನೀರು ಊರಿಗೆ ಬರುವ ದಿನ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. 519.60 ಮೀಟರಿನವರೆಗೆ ನೀರು ನಿಲ್ಲಿಸಲು 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಾಯಿತು. ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೆ ನೂಕಿಕೊಂಡು ಹಳೆಯ ಬಾಗಲಕೋಟೆಯ ಓಣಿಗಳ ಅಂಚಿಗೆ ಬಂತು. ನಾವೂ ಎಲ್ಲರಂತೆ ನವನಗರಕ್ಕೆ ಬಂದೆವು. ಅಗಲವಾದ ರಸ್ತೆ, ಸಾಲುಗಿಡ, ನೇರವಾದ ಗೋಡೆ. ದೂರಲು ಏನೂ ಇಲ್ಲ. ಬಾಗಿಲು, ತೊಲೆ, ಬೀಸುವ ಕಲ್ಲು, ಎಲ್ಲವನ್ನೂ ಚಕ್ಕಡಿಯಲ್ಲಿ, ಲಾರಿಯಲ್ಲಿ ತಂದೆವು. ಮಾಡವನ್ನು ತರಲು ಬರುತ್ತದೆಯೇ? ಅದು ಗೋಡೆಯಲ್ಲಿಯ ಒಂದು ಖಾಲಿ ಜಾಗ ಮಾತ್ರ. ನಾಲ್ಕೂವರೆ ಅಂಗುಲ ದಪ್ಪದ ಸಿಮೆಂಟಿನ ಗೋಡೆಯಲ್ಲಿ ಅದು ಹಿಡಿಸುವುದೂ ಇಲ್ಲ.

ಹೊಸ ಅಡಿಗೆಮನೆಯಲ್ಲಿ ಕಪಾಟುಗಳೆಲ್ಲ ತಲೆಯ ಮೇಲೆ. ನೋಡಲು ಬಹಳ ಚೆನ್ನ. ಒಂದೇ ಅಳತೆಯ, ಒಂದೇ ಬಣ್ಣದ ಡಬ್ಬಿಗಳ ಸಾಲು, ಮುಚ್ಚಳಕ್ಕೆ ರಬ್ಬರಿನ ಬಳೆ. ಅವ್ವನಿಗೆ ಈಗ ಕಣ್ಣು ಬೆಳಕಿನಷ್ಟೇ ಕಾಣುತ್ತದೆ, ಆಕಾರ ಕಾಣುವುದಿಲ್ಲ. ಬಾಗಿಲ ಹತ್ತಿರ ಬಂದಾಗ ಆಕೆಯ ಬಲಗೈ ಸೊಂಟದೆತ್ತರದಲ್ಲಿ ಗೋಡೆಯನ್ನು ಸವರುವುದನ್ನು ನಾವು ಎಷ್ಟೋ ವರ್ಷ ನೋಡಿದೆವು. ಆಧಾರಕ್ಕೆಂದು ಹಿಡಿಯುತ್ತಾಳೆ ಎಂದು ಮನೆಯವರೆಲ್ಲರ ತಿಳಿವಳಿಕೆ. ಖಣದ ಟೋಪಿಯ ಗಡಿಗೆಯನ್ನು ಎಲ್ಲಿಡುವುದೆಂದು ಚರ್ಚೆ ನಡೆದ ದಿನ ಹೆಂಡತಿ ಏನೂ ಮಾತಾಡದೆ ಬಡಿಗನನ್ನು ಕರೆಸಿ, ಬಾಗಿಲ ಪಕ್ಕಕ್ಕೆ, ಅವ್ವನ ಸೊಂಟದೆತ್ತರಕ್ಕೆ, ಒಂದು ಸಾಗವಾನಿ ಹಲಗೆ ಬಡಿಸಿದಳು. ಒಲೆಯಿಂದ ದೂರ, ಬಿಸಿಲು ಬೀಳದ ಜಾಗ. ಅದರ ಮೇಲೆ ಗಡಿಗೆ, ಅದರ ಬದಿಗೆ ದಿನಬಳಕೆಯ ಚಹಾಪುಡಿಯ ಡಬ್ಬಿ.

ಅವ್ವನ ಕೈ ಮರುದಿನವೇ ಅದನ್ನು ಕಂಡುಹಿಡಿಯಿತು. ಬೆರಳಿನಿಂದ ಅರಿವೆಯ ಮೇಲಿನ ಸಣ್ಣ ಚುಕ್ಕೆಗಳನ್ನು ಸವರಿ, “ಖಣ” ಎಂದಳು. ದಾರ ಬಿಚ್ಚಿ ಒಳಗೆ ಮುಟ್ಟಿ, “ಇದ್ಯಾಕ ಕುಳ್ಳು ಇಟ್ಟೀರಿ?” ಎಂದಳು. ಚಹಾ ಎಂದು ಹೇಳಿದೆವು, ಹತ್ತು ವರ್ಷದ ಲೆಕ್ಕವನ್ನೂ ಹೇಳಿದೆವು. ಆಕೆ ಏನೂ ಅನ್ನಲಿಲ್ಲ.

ಎರಡು ತಿಂಗಳಾದ ಮೇಲೆ ಇಳಕಲ್ಲಿನಿಂದ ಸೋದರಮಾವನ ಮೊಮ್ಮಗ ಬಂದಿದ್ದ. ನಾವಿಬ್ಬರೂ ಪೇಟೆಗೆ ಹೋಗಿದ್ದೆವು. ತಿರುಗಿ ಬಂದು ನೋಡಿದರೆ ಗಡಿಗೆಯ ಟೋಪಿ ಬಿಚ್ಚಿದೆ, ಅಡಕತ್ತರಿಯ ಪಕ್ಕದಲ್ಲಿ ಕಪ್ಪು ಚೂರುಗಳು ಬಿದ್ದಿವೆ, ಒಲೆಯ ಮೇಲೆ ಬೆಲ್ಲ, ಶುಂಠಿ ಹಾಕಿದ ಚಹಾ ಕುದಿಯುತ್ತಿದೆ. ಹುಡುಗ ಅವ್ವ ಹೇಳಿದಂತೆ ಸೋಸುತ್ತಿದ್ದ. ಈ ಚಹಾಕ್ಕೆ ಹಾಲು ಹಾಕುವುದು ಮಹಾಪಾಪವೆಂದು ಅಳಿಯ ಹೇಳಿದ್ದನ್ನು ನೆನಪಿಸಲು ಹೊತ್ತು ಮೀರಿತ್ತು. ಕೆಳಗಿಳಿಸಿ ಹಾಲು ಬೆರೆಸಿಯಾಗಿತ್ತು. ನಾನೂ ಒಂದು ಕಪ್ಪು ತೆಗೆದುಕೊಂಡೆ. ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ. ಅವ್ವ ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನಿದ್ದಳು. “ಹಳೀ ಮನೀ ವಾಸನಿ ಬರತೈತಿ” ಎಂದಳು. ಆಮೇಲೆ ಹುಡುಗನ ಕಡೆ ಮುಖ ತಿರುಗಿಸಿ, “ಇನ್ನರ್ಧ ಕಪ್ಪು ಹಾಕ್ಕೊಳಪಾ, ಭಾಳೈತಿ” ಎಂದಳು.

357 ಗ್ರಾಮಿನಲ್ಲಿ ಈಗ ಅರ್ಧದಷ್ಟು ಉಳಿದಿರಬೇಕು. ಯುಗಾದಿಗೆ ಅಳಿಯ ಬರುತ್ತೇನೆಂದಿದ್ದಾನೆ. ಇನ್ನೊಂದು ಬಿಲ್ಲೆ ತಾ ಎಂದು ಬರೆದಿದ್ದೇನೆ.