ಟೈಟಲ್ಲಿನ ವಿಳಾಸ ಹಿಡಿದು ವಡಪಳನಿಗೆ

ಟೈಟಲ್ ಓಡುವಾಗ ಥಿಯೇಟರಿನಲ್ಲಿ ಸೀಟು ಹುಡುಕುವವರು, ಕಡಲೆಕಾಯಿ ಸುಲಿಯುವವರೇ ಜಾಸ್ತಿ. ನಾಯಕನ ಹೆಸರಿಗೊಂದು ಶಿಳ್ಳೆ ಬಿದ್ದರೆ ಮುಗೀತು. ಆದರೆ ನೋಡಿ, ನಮ್ಮ ಹಳೇ ಚಿತ್ರಗಳು ಹುಟ್ಟಿದ ಊರು ಬರೆದಿರುವುದು ಅಲ್ಲೇ!

ಮೊದಲು ಬರುವುದು ಲಾಂಛನ, ದುಡ್ಡು ಹಾಕಿದ ಸಂಸ್ಥೆಯದು. ಸ್ಟುಡಿಯೋ ಹೆಸರು ಸಾಮಾನ್ಯವಾಗಿ ಎಷ್ಟೋ ಕಾರ್ಡು ದಾಟಿದ ಮೇಲೆ, ಧ್ವನಿಗ್ರಹಣ, ಲ್ಯಾಬೊರೇಟರಿಗಳ ಜೊತೆಯಲ್ಲಿ. ಎರಡೂ ಒಂದೇ ಅಂತ ತಿಳಿಯಬೇಡಿ. ಲಾಂಛನದವರು ಚಿತ್ರದ ಯಜಮಾನರು. ಸ್ಟುಡಿಯೋದವರು ಫ್ಲೋರು, ಲೈಟು, ಕ್ಯಾಮೆರಾ ಬಾಡಿಗೆಗೆ ಕೊಟ್ಟವರು. ಎವಿಎಂ, ಜೆಮಿನಿಯಂಥವರಿಗೆ ಎರಡೂ ಇತ್ತು. ಕಹಳೆ ಊದುವ ಜೆಮಿನಿಯ ಅವಳಿ ಮಕ್ಕಳನ್ನು ಯಾರು ಮರೆತಾರು?

ನಮ್ಮವರಿಗೆ ಲಾಂಛನವಿತ್ತು, ಫ್ಲೋರಿರಲಿಲ್ಲ. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ (1934) ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ರಾಜಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ಕ್ಕೆ (1954) ಗುಬ್ಬಿಯ ಹೆಸರು, ಕೆಲಸ ಮದರಾಸಿನಲ್ಲಿ. 1966ರಲ್ಲಿ ಬೆಂಗಳೂರಿಗೆ ಕಂಠೀರವ ಸ್ಟುಡಿಯೋ ಬಂದ ಮೇಲೂ ನಮ್ಮ ನಿರ್ಮಾಪಕರಿಗೆ ಮದರಾಸಿನ ರೈಲು ತಪ್ಪಲಿಲ್ಲ.

ಆ ವಿಳಾಸಗಳನ್ನು ಹುಡುಕಿಕೊಂಡು ಈಚೆಗೆ ಹೋಗಿದ್ದೆ. ಮೆಟ್ರೋದಲ್ಲಿ ವಡಪಳನಿಗೆ ಇಳಿದು, ಟೀ ಅಂಗಡಿಯಲ್ಲಿ ನನಗೆ ಬಂದಷ್ಟು ತಮಿಳಿನಲ್ಲಿ “ವಾಹಿನಿ ಎಲ್ಲಿ ಸಾರ್?” ಅಂದೆ. ಆತ ಮಾಲ್ ಕಡೆ ಕೈ ತೋರಿಸಿದ! ನಾಗಿರೆಡ್ಡಿಯವರ ವಿಜಯಾ-ವಾಹಿನಿ ಜಾಗದಲ್ಲಿ ಈಗ ಆಸ್ಪತ್ರೆ, 2013ರಲ್ಲಿ ತೆರೆದ ಮಾಲ್. ಸಂಜೆ ಹೊತ್ತು ಒಳಗೆ ಕಾಲಿಡಲು ಜಾಗವಿಲ್ಲ. ಆರ್ಕಾಟ್ ರಸ್ತೆಯಲ್ಲಿ ಎವಿಎಂ ಗೋಳ ಮಾತ್ರ ಇನ್ನೂ ನಿಂತಿದೆ. ಜೆಮಿನಿಯ ಕಡೆ ಹೋದರೆ ಸ್ಟಾರ್ ಹೋಟೆಲು. ಎದುರಿನ 1973ರ ಮೇಲ್ಸೇತುವೆಗೆ ಸರ್ಕಾರ ಅಣ್ಣಾ ಅಂತ ಹೆಸರಿಟ್ಟಿದ್ದರೂ ಜನರ ಬಾಯಲ್ಲಿ ಅದು ಜೆಮಿನಿಯೇ. ಸ್ಟುಡಿಯೋ ಹೋಯಿತು, ಹೆಸರು ಬಸ್ ಸ್ಟಾಪಿನಲ್ಲಿ ಉಳಿಯಿತು.

ನಮ್ಮ ಚಿತ್ರಗಳಿಗೆ ಆ ಪುಣ್ಯವೂ ಇಲ್ಲ. ಯಾವ ಫ್ಲೋರಿನಲ್ಲಿ ನಮ್ಮ ಯಾವ ಹಾಡು ಚಿತ್ರೀಕರಣವಾಯಿತು ಅಂತ ಹೇಳುವ ಒಂದು ಬೋರ್ಡೂ ಆ ಮಾಲ್‌ನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಉಳಿದಿರುವ ಸಾಕ್ಷಿ ಟೈಟಲ್ಲಿನ ಆ ಒಂದು ಸಾಲು. ಸೆಟ್ಟು ಕಟ್ಟಿದ ಬಡಗಿ, ಮೇಲೆ ಹತ್ತಿ ಲೈಟು ಹಿಡಿದ ಹುಡುಗ, ಇವರ ಹೆಸರು ಕಾರ್ಡಿನಲ್ಲಿ ಬರುತ್ತಿರಲಿಲ್ಲ. ಸ್ಟುಡಿಯೋ ಹೆಸರೇ ಅವರ ಹೆಸರೂ ಆಗಿತ್ತು.

ಈಗ ಟೀವಿಯಲ್ಲಿ, ಮೊಬೈಲಿನಲ್ಲಿ ಹಳೇ ಚಿತ್ರ ಹಾಕುವವರು ಎಷ್ಟೋ ಸಲ ಟೈಟಲ್ಲಿಗೇ ಕತ್ತರಿ ಹಾಕುತ್ತಾರೆ. ‘ಸತಿ ಸುಲೋಚನಾ’ದ ಪ್ರಿಂಟೇ ನಮಗೆ ಉಳಿದಿಲ್ಲ. ಉಳಿದ ಚಿತ್ರಗಳ ವಿಳಾಸವನ್ನಾದರೂ ಹರಿದು ಹಾಕಬೇಡಿ ಸ್ವಾಮಿ. ಐದು ನಿಮಿಷ ಓಡಲಿ ಬಿಡಿ.