ಮೂವತ್ತೆಂಟು ಡಿಗ್ರಿಯ ಇಳಿಜಾರು

ನಮ್ಮ ಕಡೆ ಮಂಜು ಅಂದರೆ ಎಲ್ಲವೂ ಹೌದು. ಮಾಗಿಯ ಬೆಳಗಿನಲ್ಲಿ ಜೋಳದ ಹೊಲದ ಮೇಲೆ ನಿಲ್ಲುವುದೂ ಮಂಜು, ಹುಲ್ಲಿನ ತುದಿಯಲ್ಲಿ ಕೂರುವುದೂ ಮಂಜು, ಸಿನೆಮಾದಲ್ಲಿ ನಾಯಕ ನಾಯಕಿಯರು ಉರುಳಾಡುವ ಬಿಳಿಯ ರಾಶಿಯೂ ಮಂಜು. ಕಣ್ಣಿಗೆ ಬೀಳದ ವಸ್ತುವಿಗೆ ಹತ್ತು ಹೆಸರು ಯಾಕೆ ಬೇಕು? ಧಾರವಾಡದಲ್ಲಿ ಅರವತ್ತು ವರ್ಷ ಕಳೆದ ನನಗೂ ಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಸ್ನೋಬೋರ್ಡಿನ ಹುಚ್ಚು ಹಚ್ಚಿಕೊಂಡ ಮೇಲೆ ಬೇಕಾಯಿತು.

ಈ ಆಟದ ಹುಟ್ಟು ಮನೆಯಂಗಳದ್ದು. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಶರ್ಮನ್ ಪಾಪೆನ್ ಎಂಬವನು ಮನೆಯ ಮಕ್ಕಳನ್ನು ಆಡಿಸಲು ಎರಡು ಸ್ಕೀ ಹಲಗೆಗಳನ್ನು ಜೋಡಿಸಿ ಒಂದು ಮಾಡಿದ. ಅದರ ಮೇಲೆ ಅಡ್ಡ ನಿಂತು ಜಾರುವುದೇ ಆಟ. 1998ರಲ್ಲಿ ಜಪಾನಿನ ನಾಗಾನೊದಲ್ಲಿ ಅದು ಒಲಿಂಪಿಕ್ಸಿಗೂ ಹೋಯಿತು. ಅದೇ 1965ರಲ್ಲಿ ಕೆನಡಾದ ಬುಗಾಬೂ ಪರ್ವತಗಳಲ್ಲಿ ಹಾನ್ಸ್ ಗ್ಮೋಸರ್ ಎಂಬ ಮಾರ್ಗದರ್ಶಿ ಜನರನ್ನು ಹೆಲಿಕಾಪ್ಟರಿನಲ್ಲಿ ಮೇಲಕ್ಕೆ ಒಯ್ದು ಬಿಡಲು ಶುರುಮಾಡಿದ. ಹತ್ತುವ ಶ್ರಮ ಯಂತ್ರಕ್ಕೆ, ಇಳಿಯುವ ಸುಖ ಮನುಷ್ಯನಿಗೆ. ದುಡ್ಡಿದ್ದವರ ಆಟ, ಸುಳ್ಳಲ್ಲ. ಮೋಜಿಗಾಗಿ ಹೀಗೆ ಬೆಟ್ಟದ ಮೇಲೆ ಇಳಿಸುವುದನ್ನು ಫ್ರಾನ್ಸ್ ದೇಶ 1985ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ನಮ್ಮಲ್ಲಿ ಮನಾಲಿಯ ಮೇಲಿನ ಬೆಟ್ಟಗಳಲ್ಲೂ ಕಾಶ್ಮೀರದ ಗುಲ್ಮಾರ್ಗಿನಲ್ಲೂ ಅದು ನಡೆದಿದೆ.

ಒಂದು ಫೆಬ್ರುವರಿಯಲ್ಲಿ ಮಗನ ಜೊತೆ ನಾನೂ ಗುಲ್ಮಾರ್ಗಿಗೆ ಹೋದೆ. ಸುಮಾರು 2,650 ಮೀಟರ್ ಎತ್ತರದ ಊರು. ಅಲ್ಲಿಂದ ತಂತಿಗೆ ಜೋತುಬಿದ್ದ ಗೊಂಡೋಲಾ ಎರಡು ಹಂತಗಳಲ್ಲಿ ಅಫರ್ವಾಟ್ ಬೆಟ್ಟದ ಹೆಗಲೇರುತ್ತದೆ. ನಾನು ಮೊದಲ ಹಂತದ ಕೊಂಗ್‌ಡೂರಿಯಲ್ಲೇ ಇಳಿದು ಚಹಾ ಹಿಡಿದು ಕೂತೆ. ಮಗನಿಗೆ ಅಷ್ಟು ಸಾಲದು. "ಅಪ್ಪಾ, ಇಲ್ಲಿ ಮಂದಿ ಭಾಳ. ಹೆಲಿಕಾಪ್ಟರ್‌ನ್ಯಾಗ ಹಿಂದಿನ ಕಣಿವಿಗೆ ಹೋದ್ರ ಯಾರೂ ತುಳೀದ ಮಂಜು ಸಿಗತದ" ಎಂದ. ರೊಕ್ಕವನ್ನೂ ಆಗಲೇ ಕಟ್ಟಿದ್ದ.

ಅವನ ಮಾರ್ಗದರ್ಶಿ ಐವತ್ತರ ಆಸುಪಾಸಿನ ಕಾಶ್ಮೀರಿ, ಮಿತಭಾಷಿ. ಸಲಿಕೆಯಿಂದ ಎದೆಮಟ್ಟದ ಗುಂಡಿ ತೋಡಿ, ಅದರ ಗೋಡೆಯನ್ನು ನಯವಾಗಿ ಕೆತ್ತಿ ನನ್ನನ್ನು ಕರೆದ. ದೂರದಿಂದ ಒಂದೇ ಬಿಳುಪಾಗಿ ಕಂಡದ್ದು ಹತ್ತಿರದಲ್ಲಿ ಪದರ ಪದರವಾಗಿತ್ತು. ಬುಡದ ಪದರದಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದ. ಥೇಟು ಸಕ್ಕರೆ! ಎಷ್ಟು ಅದುಮಿದರೂ ಉಂಡೆಯಾಗಲಿಲ್ಲ. "ದುಶ್ಮನ್ ಯಹೀ ಹೈ, ಜನಾಬ್" ಎಂದ.

ಚಳಿಗಾಲದ ಮೊದಲಲ್ಲಿ ಬಿದ್ದ ತೆಳು ಹಿಮದ ಕೆಳಗೆ ನೆಲ ತುಸು ಬೆಚ್ಚಗಿರುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ಮೇಲ್ಮೈ ಕೊರೆಯುತ್ತದೆ. ಕೆಳಗಿನ ಆವಿ ಮೇಲೇರುತ್ತಾ ಇಂಥ ಹರಳುಗಳಾಗಿ ಬೆಳೆಯುತ್ತದೆ. ಒಂದಕ್ಕೊಂದು ಅಂಟುವ ಗುಣ ಅವಕ್ಕಿಲ್ಲ. ಅದರ ಮೇಲೆ ಆಮೇಲಿನ ಹಿಮ ಗಾಳಿಗೆ ಬಿಗಿದು ಚಪ್ಪಡಿಯಾಗಿ ಕೂರುತ್ತದೆ. ಒಬ್ಬ ಮನುಷ್ಯನ ಭಾರಕ್ಕೆ ಬುಡ ಕುಸಿದರೆ ಸಾಕು, ಚಪ್ಪಡಿ ಒಡೆದು ಇಡೀ ಇಳಿಜಾರು ಹೊರಡುತ್ತದೆ. 25 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲಿ ಸಾಮಾನ್ಯವಾಗಿ ಹಾಗಾಗದು; ತೀರ ಕಡಿದಾದಲ್ಲಿ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಅಪಾಯ ಹೆಚ್ಚು 30ರಿಂದ 45ರ ನಡುವೆ, ಅದರಲ್ಲೂ 38ರ ಸುತ್ತ. ಸ್ನೋಬೋರ್ಡಿನವರು ಹುಡುಕಿಕೊಂಡು ಹೋಗುವುದೂ ಅದೇ ಇಳಿಜಾರನ್ನೇ. ನಡೆದು ಹತ್ತುವವನ ಕಾಲಿಗೆ ಹಿಮ ತಾಸುಗಟ್ಟಲೆ ಏನೇನೋ ಹೇಳುತ್ತಿರುತ್ತದೆ. ಹಾರಿ ಹೋಗಿ ಇಳಿದವನು ಅದನ್ನು ಕೇಳಿಸಿಕೊಂಡಿರುವುದಿಲ್ಲ. ಅದಕ್ಕೇ ಗುಂಡಿ ತೋಡಬೇಕು.

ಈ ಬೆಟ್ಟಗಳು ಲೆಕ್ಕ ಇಟ್ಟಿವೆ. 2010ರ ಫೆಬ್ರುವರಿ 8ರಂದು ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತದಲ್ಲಿ ಸತ್ತರು. 2023ರ ಫೆಬ್ರುವರಿಯಲ್ಲಿ ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಗರು ತೀರಿಕೊಂಡರು. ಆದರೆ ನನ್ನ ಮನಸ್ಸು ಹೋದದ್ದು ನಮ್ಮ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿಗೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೆಯ ದಿನ ಸುಮಾರು 25 ಅಡಿ ಆಳದಲ್ಲಿ ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಹಿಮದಡಿ ಸಿಕ್ಕವರನ್ನು ಕಾಲು ಗಂಟೆಯೊಳಗೆ ತೆಗೆದರೆ ಬಹುಮಂದಿ ಬದುಕುತ್ತಾರೆ, ಅರ್ಧ ಗಂಟೆ ಕಳೆದರೆ ಉಳಿಯುವವರು ಕಡಿಮೆ. ಅಂಥದರಲ್ಲಿ ಆರು ದಿನ! ನಮ್ಮ ಓಣಿಯಲ್ಲಿ ಹರಕೆ ಹೊರದ ಮನೆಯಿರಲಿಲ್ಲ. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಅಂದು ನನ್ನ ಹೆಂಡತಿ ಒಲೆ ಹಚ್ಚಲಿಲ್ಲ. ಅವರು ಕರ್ತವ್ಯಕ್ಕೆ ಹೋದವರು, ನನ್ನ ಮಗ ಖುಷಿಗೆ ಹೋಗುವವನು. ಹಿಮಕ್ಕೆ ಆ ವ್ಯತ್ಯಾಸ ತಿಳಿಯದು.

ಮೂರನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಹೆಲಿಕಾಪ್ಟರು ಸಿದ್ಧ. ಮಾರ್ಗದರ್ಶಿ ಇನ್ನೊಂದು ಗುಂಡಿ ತೋಡಿ ನೋಡಿ, ಹಿಂದಿನ ಕಣಿವೆ ಬೇಡ ಎಂದ. "ರೊಕ್ಕ ಕೊಟ್ಟೇವಿ, ಬಿಸಿಲು ಹೆಂಗ ಬಿದ್ದದ ನೋಡ್ರಿ ಅಪ್ಪಾ" ಎಂದು ಮಗ ನನ್ನ ಕಡೆ ತಿರುಗಿದ. ನಾನು ಮಾತಾಡಲಿಲ್ಲ. ಮಾತಾಡಿದ್ದು ಆ ಕಾಶ್ಮೀರಿ. ಮರ್ಗ್ ಅಂದರೆ ಹುಲ್ಲುಗಾವಲು. ಬೇಸಿಗೆಯಲ್ಲಿ ಆ ಕಣಿವೆಯಲ್ಲಿ ತನ್ನ ಮನೆಯ ಕುರಿಗಳು ಮೇಯುತ್ತವೆ. ಎಲ್ಲಿ ಬಂಡೆಗಳು ಹಿಮವನ್ನು ಹಿಡಿದಿರುತ್ತವೆ, ಎಲ್ಲಿ ನುಣುಪು ಹುಲ್ಲು ಜಾರಲು ಬಿಡುತ್ತದೆ ಎಂದು ತಾನು ಕಾಲಿನಿಂದ ಬಲ್ಲೆ ಎಂದ. ನಾವು ಜನರಿಲ್ಲದ ಜಾಗವೆಂದುಕೊಂಡದ್ದು ಅವನ ಹಿತ್ತಲಾಗಿತ್ತು. ಮಗ ಗೊಣಗುತ್ತಲೇ ಕೆಳಗಿನ ಮರಗಳ ನಡುವಿನ ಸೌಮ್ಯ ಇಳಿಜಾರಿಗೆ ಹೋದ.

ಆ ಕಣಿವೆಯಲ್ಲಿ ಅಂದು ಏನೂ ಕುಸಿಯಲಿಲ್ಲ. ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಬೇಡ ಎಂದವನಿಗಿರುವ ಕಷ್ಟವೇ ಇದು: ತಾನು ಹೇಳಿದ್ದು ಸರಿ ಎಂದು ತೋರಿಸಲು ಅವನ ಕೈಗೆ ಸಾಕ್ಷಿ ಸಿಗುವುದಿಲ್ಲ. ಗಿರಾಕಿಯ ಸಿಟ್ಟು ಮಾತ್ರ ಸಿಗುತ್ತದೆ. ಆ ಸಿಟ್ಟನ್ನು ನುಂಗಿಕೊಂಡು ಮರುದಿನ ಮತ್ತೆ ಸಲಿಕೆ ಹಿಡಿಯುವವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮಗ ಈಗಲೂ ಪ್ರತಿವರ್ಷ ಹೋಗುತ್ತಾನೆ. ಬೇಡ ಅನ್ನುವ ವಯಸ್ಸು ಅವನದೂ ಅಲ್ಲ, ನನ್ನದೂ ಅಲ್ಲ. ಊಟ ಆತೇನು, ಥಂಡಿ ಎಷ್ಟದ ಎಂದು ಅವನ ಅವ್ವ ಫೋನಿನಲ್ಲಿ ಕೇಳಿ ಮುಗಿಸಿದ ಮೇಲೆ ನಾನು ಫೋನು ತೆಗೆದುಕೊಂಡು ಒಂದೇ ಮಾತು ಕೇಳುತ್ತೇನೆ: "ಬುಡದ ಪದರ ಹೆಂಗದಪಾ?"